ಇಳಿತದ ಹೊತ್ತಿನ ಕೆಮ್ಮು

ದೋಣಿಯ ಹಿಂಬದಿಯಿಂದ ಹೆಂಡತಿ ಕೆಮ್ಮಿದಳು. ಮುಂದೆ ಕೂತಿದ್ದ ಬೆರಳಪ್ಪ ಗಾಳದ ಕೋಲನ್ನು ಮೋಡಕ್ಕೆ ತಿವಿಯುವವನಂತೆ ಮೇಲೆತ್ತಿ ಎಳೆದ. ನೀರಿನಿಂದ ಚಿಮ್ಮಿ ಬಂದದ್ದು ಗಾಳಕ್ಕೆ ಕಟ್ಟಿದ್ದ ಬರೀ ರಬ್ಬರ್ ಮೀನು. ಅದು ಬಾಲ ಅಲ್ಲಾಡಿಸುತ್ತ ಅವನ ಕಿವಿಯ ಪಕ್ಕದಲ್ಲೇ ಹಾರಿ, ನಡುವೆ ಕೂತಿದ್ದ ಭಾವಮೈದುನನ ಟೋಪಿಗೆ ಸಿಕ್ಕಿಕೊಂಡಿತು.

"ಎಷ್ಟು ಕೆಜಿ ಇದೀನಿ ಭಾವ?" ಎಂದು ಅವನು ಟೋಪಿಯಿಂದ ಮುಳ್ಳು ಬಿಡಿಸಿದ. ಕೇಳಿದ್ದೇನೋ ತಮಾಷೆಗೆ, ಆದರೆ ಅವನ ಮುಖದಲ್ಲಿ ನಗು ಇರಲಿಲ್ಲ.

ದೋಣಿ ಭಾವಮೈದುನನದು. ಕಟ್ಟೆಯ ಹತ್ತಿರ ಗಾಳ, ದಾರ, ರೀಲು ಮಾರುವ ಅಂಗಡಿಯೂ ಅವನದೇ. ಮೀನು ಹಿಡಿಯುವ ಹುಚ್ಚಿನವರು ಅಲ್ಲಿಗೆ ಬಂದರೆ ಅವರನ್ನು ಕಲಿಯಲು ಅಕ್ಕ-ಭಾವನ ಜೊತೆ ಅಳಿವೆಗೆ ಕಳಿಸುತ್ತಿದ್ದ. ಈಚೆಗೆ ಹೋದವರೆಲ್ಲ ಮುಖ ಊದಿಸಿಕೊಂಡು ಬರುತ್ತಿದ್ದರು. ಕಲಿಸುವವನಿಗೇ ಮೀನು ಬೀಳುವುದಿಲ್ಲ, ಬಾಯಿ ಮಾತ್ರ ಜೋರು ಎಂದು ಒಬ್ಬ ಅಂಗಡಿಯಲ್ಲೇ ನಿಂತು ಹೇಳಿ ಹೋಗಿದ್ದ. ಅದಕ್ಕೇ ಇವತ್ತು ಭಾವಮೈದುನ ಖುದ್ದಾಗಿ ಬಂದಿದ್ದ. ಕಣ್ಣಾರೆ ನೋಡುತ್ತೇನೆ, ಸರಿಯಿಲ್ಲವೆನಿಸಿದರೆ ದೋಣಿ ಬೇರೆಯವರಿಗೆ ಕೊಡಬೇಕಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ ಎಂದು ದೋಣಿ ಹತ್ತುವ ಮೊದಲೇ ಹೇಳಿದ್ದ. ಬೇಜಾರೇಕೆ, ಸಂಜೆ ಮೀನು ಹೊರಲು ಲಾರಿ ಹೇಳಿಡು ಎಂದು ಬೆರಳಪ್ಪ ಉತ್ತರಿಸಿದ್ದ.

ಒಂದು ಕಾಲದಲ್ಲಿ ಆ ಮಾತು ಅವನ ಬಾಯಿಗೆ ಒಪ್ಪುತ್ತಿತ್ತು. ಬಾರಮುಂಡಿ ಮೀನು ಎಂದರೆ ಅಳಿವೆಯ ಜಮೀನ್ದಾರ. ಮುಳುಗಿದ ಮರದ ನೆರಳಿನಲ್ಲಿ ಬೆಳ್ಳಗೆ, ಭಾರವಾಗಿ ಮಲಗಿರುತ್ತದೆ. ಊಟ ತಾನಾಗಿಯೇ ಮನೆ ಬಾಗಿಲಿಗೆ ಬರಬೇಕು. ಮೆತ್ತನೆಯ ರಬ್ಬರ್ ಮೀನು ಕುಣಿಯುತ್ತ ಎದುರಿಗೆ ಇಳಿದರೆ ಕಚ್ಚುವ ಗೋಜಿಗೂ ಹೋಗದೆ, ಬಾಯಿ ತೆರೆದು ನೀರಿನ ಸಮೇತ ಒಳಗೆಳೆದುಕೊಳ್ಳುತ್ತದೆ. ರಬ್ಬರೆಂದು ಗೊತ್ತಾದೊಡನೆ ಉಗಿದುಬಿಡುತ್ತದೆ. ಎಳೆಯುವವನು ಈ ಎರಡರ ನಡುವೆ ಎಳೆಯಬೇಕು. ದಾರದಲ್ಲಿ ಬರುವುದು ಒಂದೇ ಒಂದು 'ಟಕ್', ಸೊಳ್ಳೆ ಮೊಣಕೈ ತಾಗಿಸಿದಷ್ಟು. ಬೆರಳಪ್ಪನ ತೋರುಬೆರಳಿಗೆ ಅಷ್ಟೇ ಧಾರಾಳವಾಗುತ್ತಿತ್ತು. ಕೆಳಗೆ ಮೀನು ಆಕಳಿಸಿದರೆ ಮೇಲೆ ಅವನಿಗೆ ನಿದ್ದೆ ಬರುತ್ತಿತ್ತು. ಮೀನಿನ ತೂಕ, ವಯಸ್ಸು, ಅದು ಮನೆಯಲ್ಲಿ ಜಗಳ ಮಾಡಿಕೊಂಡು ಬಂದಿದೆಯೋ ಇಲ್ಲವೋ, ಎಲ್ಲವನ್ನೂ ದಾರ ಮುಟ್ಟಿ ಹೇಳುತ್ತಿದ್ದ. ಹೇಳಿದ ಮೀನು ಬುಟ್ಟಿಗೆ ಬೀಳುತ್ತಿದ್ದುದರಿಂದ ಯಾರೂ ಎದುರಾಡುತ್ತಿರಲಿಲ್ಲ. ಬೆರಳಪ್ಪ ಎಂಬ ಹೆಸರು ಬಂದದ್ದೇ ಹಾಗೆ. ಹೆತ್ತವರು ಇಟ್ಟ ಹೆಸರು ಪಡಿತರ ಚೀಟಿಗಷ್ಟೇ ನೆನಪಿತ್ತು.

ಆ ಬೆರಳುಗಳೇ ಕೈಕೊಟ್ಟವು. ಸಕ್ಕರೆ ಕಾಯಿಲೆ ಮೊದಲು ಪಾದಗಳಲ್ಲಿ ನೆಂಟನ ಹಾಗೆ ಬಂದು ಕೂತಿತು, ಆಮೇಲೆ ಕೈಗೂ ಹಾಸಿಗೆ ಬಿಚ್ಚಿತು. ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ, ತಾನು ಹಿಂದೊಮ್ಮೆ ಹಿಡಿದ ಕರುವಿನಷ್ಟು ದೊಡ್ಡ ಮೀನಿನ ಕಥೆ ಹೇಳುತ್ತ, ಕುದಿಯುವ ಹಾಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿ ಹಿಡಿದುಕೊಂಡೇ ನಿಂತಿದ್ದ. ಹೆಂಡತಿ ಪಾತ್ರೆ ಕಿತ್ತುಕೊಂಡಳು. ಬೊಬ್ಬೆ ಎದ್ದ ಕೈಗೆ ಮುಲಾಮು ಹಚ್ಚಿದಳು. ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಮರುದಿನ ಅಳಿವೆಯಲ್ಲಿ ದಾರ ಜಿಗಿದಾಗ, ಇಂಜಿನ್ನಿನ ಪಕ್ಕ ಕೂತಿದ್ದ ಅವಳು ಮೆಲ್ಲಗೆ ಕೆಮ್ಮಿದಳು. ಅವನು ಎಳೆದ. ಮೀನು ಬಂತು. ಅಂದಿನಿಂದ ಅವಳ ಕಣ್ಣು, ಅವನ ಕೈ. ನಡುವೆ ಒಂದು ಕೆಮ್ಮು. ಬಂದವರೆಲ್ಲ ಈ ಅಮ್ಮನಿಗೆ ಒಳ್ಳೆಯ ಕಷಾಯ ಕುಡಿಸಿ ಎಂದು ಹೇಳಿ ಹೋಗುತ್ತಿದ್ದರು. ದಾರ ಬಿಸಿಲಿಗೆ ಹೊಳೆದು ಅವಳ ಕಣ್ಣು ತಪ್ಪಿದ ದಿನ ಮಾತ್ರ ಬುಟ್ಟಿ ಖಾಲಿ. ಈಚೆಗೆ ಅಂಥ ದಿನಗಳೇ ಹೆಚ್ಚಾಗಿದ್ದವು.

ಇವತ್ತು ಬೇರೆಯೇ ಪೀಕಲಾಟ. ಅವಳಿಗೆ ನಿಜವಾಗಿಯೇ ನೆಗಡಿಯಾಗಿತ್ತು. ಅವಳ ಎದೆಯೊಳಗಿನ ಗೊರಗೊರ ಸದ್ದಿನೆದುರು ದೋಣಿಯ ಇಂಜಿನ್ನು ನಾಚಿಕೊಳ್ಳಬೇಕಿತ್ತು. ಯಾವುದು ಮೀನಿನ ಕೆಮ್ಮು, ಯಾವುದು ಕಫದ ಕೆಮ್ಮು ಎಂದು ಡಾಕ್ಟರಿಗೂ ಹೇಳಲಾಗುತ್ತಿರಲಿಲ್ಲ. ಬೆರಳಪ್ಪ ಎಲ್ಲ ಕೆಮ್ಮಿಗೂ ಎಳೆದ. ಬೆಳಗಿನಿಂದ ಅವನು ಎಳೆದ ಗಾಳಿಯನ್ನೆಲ್ಲ ಮೂಟೆ ಕಟ್ಟಿದ್ದರೆ ದೋಣಿ ಮುಳುಗುತ್ತಿತ್ತು. ಭುಜ ಸೋತಿತು, ಸೊಂಟ ಸೋತಿತು, ಮುಟ್ಟಿ ಹೋದದ್ದು ಎಂಥ ಮೀನೆಂದು ಬಣ್ಣಿಸುತ್ತಿದ್ದ ನಾಲಿಗೆಯೂ ಕೊನೆಗೆ ಸೋತಿತು.

"ಅಕ್ಕ, ಮೈ ಸರಿಯಿಲ್ಲದೇ ಇದ್ರೆ ಮನೇಲಿ ಮಲಗೋದಲ್ವಾ?" ಎಂದ ತಮ್ಮ.

"ಮಲಗಿದ್ರೆ ಇವರ ಜೊತೆ ಯಾರು ಬರ್ತಾರೆ?"

ಅವಳು ಕೆಮ್ಮು ಹೊರಬಾರದಂತೆ ಹೆಗಲ ಮೇಲಿನ ಟವೆಲನ್ನು ಉಂಡೆ ಮಾಡಿ ಬಾಯಿಗೆ ಒತ್ತಿಕೊಂಡಳು.

ನೀರು ಇಳಿಯತೊಡಗಿತ್ತು. ಕೆಸರಿನ ದಂಡೆ ಬಯಲಾಗಿ, ಸಣ್ಣ ತೋಡೊಂದು ಕಂದು ನೀರನ್ನು ಅಳಿವೆಗೆ ಸುರಿಯುವ ಕಡೆ ಬುಡಮೇಲಾದ ಮರವೊಂದು ತಲೆ ಎತ್ತಿತು. ಬೆರಳಪ್ಪ ರಬ್ಬರ್ ಮೀನನ್ನು ಅದರ ಬೇರಿನ ಪಕ್ಕಕ್ಕೇ ಎಸೆದ. ಎಸೆತದಲ್ಲಿ ಮಾತ್ರ ಇಂದಿಗೂ ಅವನನ್ನು ಮೀರಿಸುವವರಿರಲಿಲ್ಲ. ಇರುವೆಯನ್ನು ಎಬ್ಬಿಸದೆ ಅದರ ಬೆನ್ನ ಮೇಲೆ ಇಳಿಸಬಲ್ಲವನಾಗಿದ್ದ. ಸೀಸದ ಗುಂಡು ಮುಳುಗಿತು. ದಾರ ಸಡಿಲಾಯಿತು. ಅವನು ಬೆರಳು ಇಟ್ಟು ಕಾದ. ಬೆರಳು ಮರದ ತುಂಡಿನ ಹಾಗಿತ್ತು. ಹಿಂದಿನಿಂದ ಸದ್ದೇ ಇಲ್ಲ. ಆ ಮೌನದಲ್ಲಿ ಅವನಿಗೆ ಮೊದಲ ಬಾರಿಗೆ, ಸಾಕು, ಭಾವಮೈದುನ ದೋಣಿ ತೆಗೆದುಕೊಂಡು ಹೋಗಲಿ ಎನಿಸಿತು.

ದಾರ ಒಂದು ಗೇಣು ಪಕ್ಕಕ್ಕೆ ಜಿಗಿಯಿತು. ಅವನು ಸುಮ್ಮನಿದ್ದ.

ಅವಳು ಟವೆಲ್ ತೆಗೆದಳು. "ರೀ, ಹಿಡೀತು. ಎಳೀರಿ."

ತಮ್ಮ ತಿರುಗಿ ಅವಳನ್ನು ನೋಡಿದ. ಬೆರಳಪ್ಪ ಎಳೆದ. ಕೋಲು ಬಿಲ್ಲಾಯಿತು, ನೀರು ಸ್ಫೋಟಿಸಿತು, ಇಡೀ ಮೀನು ಗಾಳಿಗೆ ಎದ್ದು ತಲೆ ಕೊಡವಿತು. ಎರಡು ವರ್ಷದ ಮಗುವಿನಷ್ಟಿತ್ತು. ಕಡಿಮೆ ಹೇಳಿದರೆ ಮೀನಿಗೆ ಅವಮಾನ. ಬೇರಿನ ಕಡೆ ನುಗ್ಗಿತು, ದೋಣಿಯಡಿಗೆ ನುಗ್ಗಿತು, ರೀಲು ಚೀರಿತು. ಓಡುವ ದಾರವನ್ನು ಅವನು ಬರಿಗೈಯಲ್ಲೇ ಒತ್ತಿ ಹಿಡಿದ. ಕೊನೆಗೆ ಭಾವಮೈದುನ ಕೈಬಲೆಯಲ್ಲಿ ಎತ್ತಿ ಹಾಕಿದಾಗ ಮೂವರೂ ಏದುಸಿರು ಬಿಡುತ್ತಿದ್ದರು.

ಬೆರಳಪ್ಪನ ನಾಲಿಗೆಗೆ ಜೀವ ಬಂತು. ಇದು ತಮ್ಮ, ಇದರ ಅಣ್ಣ ಇನ್ನೂ ಬೇರಿನ ಸಂದಿಯಲ್ಲಿದ್ದಾನೆ ಎಂದು ಶುರುಮಾಡಿದ.

"ಭಾವ, ರಕ್ತ," ಎಂದ ಭಾವಮೈದುನ.

"ಮೀನಿಂದು. ದೊಡ್ಡ ಮೀನಿಗೆ ರಕ್ತ ಜಾಸ್ತಿ."

"ನಿಮ್ದು."

ಬೆರಳಪ್ಪ ಕೈ ನೋಡಿಕೊಂಡ. ದಾರ ತೋರುಬೆರಳನ್ನು ಮೂಳೆಯವರೆಗೆ ಕೊಯ್ದಿತ್ತು. ರಕ್ತ ಮೊಣಕೈ ದಾಟಿ ಮೀನಿನ ಬೆಳ್ಳಿ ಮೈಮೇಲೆ ತೊಟ್ಟಿಕ್ಕುತ್ತಿತ್ತು. ಯಾರದೋ ಕೈ ಎಂಬಂತೆ ಅವನು ಅದನ್ನು ನೋಡುತ್ತಲೇ ಇದ್ದ.

"ಎಷ್ಟು ದಿನದಿಂದ ಅಕ್ಕ?"

ಅವಳು ಟವೆಲಿನ ಅಂಚು ಹರಿದು ಗಂಡನ ಬೆರಳಿಗೆ ಸುತ್ತಿದಳು. ಉತ್ತರಿಸಿದ್ದು ಬೆರಳಪ್ಪ. "ಮೀನು ಹಿಡಿದಿದ್ದು ನಂಗೆ ಗೊತ್ತೇ ಆಗ್ಲಿಲ್ಲ," ಎಂದ. ಜೀವಮಾನದಲ್ಲಿ ಅವನು ಒಂದಿಷ್ಟೂ ಉಪ್ಪು-ಖಾರ ಹಚ್ಚದೆ ಆಡಿದ ಮಾತು ಅದೊಂದೇ ಇರಬೇಕು.

ಆಮೇಲೆ ಭಾವಮೈದುನ ಟೋಪಿ ತೆಗೆದು ತಲೆ ತುರಿಸಿಕೊಂಡು, ನಾಳೆ ಕಲಿಯುವವರ ಒಂದು ಪಾರ್ಟಿ ಬರುತ್ತದೆ, ಅಕ್ಕ ಮುಂದೆ ಕೂರಲಿ, ನೀವು ಇಂಜಿನ್ನು ನೋಡಿಕೊಳ್ಳಿ ಎಂದ.

"ಇವಳು ಕೋಲು ಹಿಡೀತಾಳಾ?"

"ಅದೊಂದು ಬಿಟ್ಟು ಬಾಕಿಯೆಲ್ಲ ಅವಳೇ ಮಾಡ್ತಿದ್ಳಲ್ಲ ಭಾವ. ಮಾತು ನೀವೇ ಆಡಿ. ಅದು ಅವಳ ಕೈಲಿ ಆಗಲ್ಲ."

ಬೆರಳಪ್ಪ ಎದ್ದ. ಅವಳೂ ಎದ್ದಳು. ದೋಣಿ ಓಲಾಡಿತು, ಇಬ್ಬರೂ ಒಬ್ಬರ ಭುಜ ಒಬ್ಬರು ಹಿಡಿದು, ಮೀನನ್ನು ದಾಟಿ, ಜಾಗ ಬದಲಿಸಿದರು. ಅವನು ಎಡಗೈಯಲ್ಲಿ ಇಂಜಿನ್ ಹಿಡಿಕೆ ಹಿಡಿದು ಕಟ್ಟೆಯ ಕಡೆ ತಿರುಗಿಸಿದ.

ಇಷ್ಟು ವರ್ಷ ಅವನು ಅಳಿವೆಯನ್ನಷ್ಟೇ ಎದುರಿಗೆ ನೋಡಿದ್ದ. ಈಗ ಎದುರಿಗೆ ಅವಳ ಬೆನ್ನಿತ್ತು. ಅದು ಅವನು ಅಂದುಕೊಂಡದ್ದಕ್ಕಿಂತ ಚಿಕ್ಕದಿತ್ತು, ಕತ್ತಿನ ಮೇಲಿನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ದೋಣಿಯ ಮೂತಿಗೆ ಬಡಿದ ಅಲೆಯ ನೀರು ಹಾರಿ ಅವಳ ಮುಖಕ್ಕೆ ರಾಚುತ್ತಿತ್ತು. ಅವಳು ಒರೆಸಿಕೊಳ್ಳದೆ ನೀರನ್ನೇ ನೋಡುತ್ತಿದ್ದಳು. ಅವನು ಇಂಜಿನ್ನಿನ ವೇಗ ಇಳಿಸಿದ.