ದೀರ್ಘವಿಲ್ಲದ ಅಕ್ಷರ

ಅರ್ಧಕ್ಕೆ ಬಂದು ನಿಂತುಬಿಟ್ಟಿತು. ಸತೀಶ ಪರದೆಯ ಮೇಲಿನ ಹಸಿರು ಪಟ್ಟಿಯನ್ನು ದುರುಗುಟ್ಟಿ ನೋಡುತ್ತ ಕೂತ. ನೋಡಿದರೆ ಬೇಗ ಸರಿಯುತ್ತದೆಂದೇನೂ ಇಲ್ಲ. ಆದರೂ ಎದ್ದು ಹೋಗಲು ಧೈರ್ಯ ಸಾಲಲಿಲ್ಲ.

ಅವನ ವೆಬ್‌ಸೈಟಿಗೆ ಜಾಗ ಕೊಟ್ಟಿದ್ದ ಕಂಪನಿ ಇವತ್ತು ಮಧ್ಯಾಹ್ನ ಬಾಗಿಲು ಹಾಕುತ್ತಿತ್ತು. ಅಷ್ಟರೊಳಗೆ ಎಲ್ಲವನ್ನೂ ಹೊಸ ಕಂಪನಿಗೆ ಸಾಗಿಸಬೇಕು. ಹೊಸದನ್ನು ಗೊತ್ತುಮಾಡಿಕೊಟ್ಟವನು ಸಿದ್ದಾಪುರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಹಳೆಯ ವಿದ್ಯಾರ್ಥಿ ಗೋವಿಂದ. 'ನಾನೇ ಮಾಡಿಕೊಡ್ತೆ ಸರ್' ಎಂದಿದ್ದ. ಸತೀಶ ಬೇಡವೆಂದ. ಸಾಗಿಸುವ ನೆಪದಲ್ಲಿ ಓದಿಬಿಟ್ಟರೆ?

ಓದಿದರೆ ಸಿಗುವುದೇನು, ಮಣ್ಣು! ಶಿರಸಿಯ ಕಾಲೇಜೊಂದರ ಕನ್ನಡ ಮೇಷ್ಟ್ರು ಹಳಗನ್ನಡದ ಒಂದೊಂದು ಶಬ್ದ ಹಿಡಿದು ಬರೆದ ಪುಟ್ಟ ಲೇಖನಗಳು. ಸತ್ತ ಶಬ್ದಗಳಿಗೆ ಒಬ್ಬನೇ ಕೂತು ತಿಥಿ ಮಾಡಿದ ಹಾಗೆ. ಅವುಗಳ ಕೆಳಗೆ ಜಯಾ ಎಂಬುವಳ ಪ್ರತಿಕ್ರಿಯೆಗಳು.

'ಏನ್ರೀ, ಊಟಕ್ಕ ಬರ್ರಿ. ರೊಟ್ಟಿ ಆರಾಕತ್ತಾವ,' ಒಳಗಿನಿಂದ ಹೆಂಡತಿ ಪ್ರತಿಭಾ ಕರೆದಳು. ಹಾವೇರಿ ಬಿಟ್ಟು ಶಿರಸಿಗೆ ಬಂದು ಎಷ್ಟೋ ಕಾಲವಾದರೂ ಅವಳ ಮಾತು ಇನ್ನೂ ಘಟ್ಟ ಹತ್ತಿರಲಿಲ್ಲ.

'ಬಂದೆ.'

'ಇನ್ನೂ ಅದನ್ನ ಮಾಡಾಕತ್ತೀರೇನು?'

'ಹೂಂ.'

'ಯಾರ್ ಓದ್ತಾರ ಅದನ್ನ?'

'ಯಾರೂ ಇಲ್ಲ.'

ಸುಳ್ಳಲ್ಲ. ಈಗ ಯಾರೂ ಇಲ್ಲ.

ಜಯಾಳನ್ನು ಅವನು ಕಂಡವನಲ್ಲ. ಮಾಗೋಡಿನ ಹತ್ತಿರದವಳೆಂದು ಒಮ್ಮೆ ಬರೆದಿದ್ದಳು, ಅಷ್ಟೇ. ಕಂಪ್ಯೂಟರಿನಲ್ಲಿ ಕನ್ನಡ ಹೊಡೆಯಲು ಬಾರದೆಂದು ತನ್ನ ಮನೆಮಾತನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಿದ್ದಳು. ಇವನು ಯಾವ ಶಬ್ದ ಸತ್ತಿದೆ ಎಂದರೂ 'ಎಂಗಳ ಬದಿಗೆ ಇನ್ನೂ ಇದ್ದು', ನಮ್ಮ ಕಡೆ ಇನ್ನೂ ಇದೆ, ಎಂದು ಅದನ್ನು ಎಬ್ಬಿಸಿ ಕೂರಿಸುವಳು. ಕೊನೆಗೆ matte batte, 'ಮತ್ತೆ ಬತ್ತೆ' ಎನ್ನುವಳು. ಮೊದಲ ಸಲ ಅವನು ಅದನ್ನು 'ಮತ್ತೆ ಬಟ್ಟೆ' ಎಂದು ಓದಿಕೊಂಡಿದ್ದ. ಹಳಗನ್ನಡದಲ್ಲಿ ಬಟ್ಟೆ ಎಂದರೆ ದಾರಿ, ಅಬ್ಬಾ ಎಂಥ ಓದಿದವಳಪ್ಪ ಎಂದು ಪುಳಕಗೊಂಡಿದ್ದ. ಅವಳು ಹೇಳಿದ್ದು ಮತ್ತೆ ಬರುತ್ತೇನೆ ಎಂದಷ್ಟೇ. ತಿಳಿದ ಮೇಲೂ ಪುಳಕ ಇಳಿಯಲಿಲ್ಲ.

ನಾನು ಎಂಬರ್ಥದ 'ಆನ್' ಶಬ್ದದ ಮೇಲೆ ಬರೆದದ್ದಕ್ಕೇ ಅವಳ ಕೊನೆಯ ಪ್ರತಿಕ್ರಿಯೆ. ಆನ್ ಸತ್ತುಹೋಯಿತು, ತನ್ನನ್ನು ತಾನು ಕರೆದುಕೊಳ್ಳುವ ಶಬ್ದವೇ ಇಲ್ಲವಾದ ಮೇಲೆ ಮನುಷ್ಯನಿಗೆ ಇನ್ನೇನಿದೆ ಎಂದೆಲ್ಲ ಉದ್ದುದ್ದ ಗೋಳಾಡಿದ್ದ. ಕೆಳಗೆ ಅವಳು ಎರಡೇ ಶಬ್ದ ಬರೆದಿದ್ದಳು: aanu ille.

ಆನು ಇಲ್ಲೇ. ನಾನು ಇಲ್ಲೇ ಇದ್ದೇನೆ.

ಆಮೇಲೆ ಅವಳು ಬರಲಿಲ್ಲ. ಆ ಎರಡು ಶಬ್ದ ನಂಬಿಕೊಂಡು ಅವನು ವರ್ಷಗಟ್ಟಲೆ ಬರೆದ. ಒಮ್ಮೆ ಕಾಲೇಜಿನ ಪ್ರವಾಸಕ್ಕೆ ಮಾಗೋಡಿಗೆ ಹೋದಾಗ ಎಲ್ಲರೂ ಜಲಪಾತ ನೋಡುತ್ತಿದ್ದರೆ ಇವನು ಚಹದಂಗಡಿಗೆ ಬಂದ ಹೆಂಗಸರ ಮುಖ ನೋಡುತ್ತ ನಿಂತಿದ್ದ. ಥೂ, ಆಸೆಗೂ ಒಂದು ಮರ್ಯಾದೆ ಬೇಡವೇ! ಆದರೂ ಅವಳು ಬೇಕು ಅನಿಸುತ್ತಿತ್ತು. ಪಕ್ಕದಲ್ಲೇನೂ ಅಲ್ಲ, ತನ್ನ ಬರಹದ ಕೆಳಗೆ ಬಂದು ಎರಡು ಮಾತು ಆಡಿದ್ದರೆ ಸಾಕಿತ್ತು.

ಪಟ್ಟಿ ತುಂಬಿತು. ಹೊಸ ಜಾಗದಲ್ಲಿ ತನ್ನ ಪುಟ ತೆರೆದ. ಶೀರ್ಷಿಕೆಯ ಜಾಗದಲ್ಲಿ ಪ್ರಶ್ನೆಚಿಹ್ನೆಗಳು. ಕೆಳಗೂ ಅವೇ, ಸಾಲುಸಾಲು. ಇನ್ನೊಂದು ಪುಟ ತೆರೆದ. ಅಲ್ಲೂ ಅದೇ. ಗೋವಿಂದನಿಗೆ ಫೋನು ಮಾಡಿದ.

'ನೋಡ್ತಾ ಇದ್ದೆ ಸರ್. ಸಾಗಿಸುವಾಗ ಭಾಷೆ ಯಾವ್ದು ಅಂತ ಕೇಳಿತ್ತಲ್ಲ, ಎಂತ ಕೊಟ್ರಿ?'

'ಇಂಗ್ಲಿಷ್.'

ನವೆಂಬರ್ ತಿಂಗಳಿಡೀ ಕನ್ನಡ ಬಳಸಿ ಎಂದು ವೇದಿಕೆಯಲ್ಲಿ ಗಂಟಲು ಹರಿದುಕೊಳ್ಳುವ ಸತೀಶ, ಕಂಪ್ಯೂಟರಿನ ಕೆಲಸ, ಎಡವಟ್ಟಾಗುವುದು ಬೇಡ ಎಂದು ಇಂಗ್ಲಿಷನ್ನೇ ಒತ್ತಿದ್ದ.

'ಅದ್ಕೇ ಕನ್ನಡ ಅಕ್ಷರ ಎಲ್ಲ ಪ್ರಶ್ನೆಚಿಹ್ನೆ ಆಗಿದ್ದು. ಹಳೇದೂ ಮುಚ್ಚಿಹೋಯ್ತು ಸರ್. ಬೇರೆ ಪ್ರತಿ ಇದ್ಯಾ?'

'ಇಲ್ಲ.'

'ಛೆ ಛೆ.'

ಸತೀಶ ಪುಟವನ್ನು ಕೆಳಕ್ಕೆ ಸರಿಸಿದ. ಜಯಾ ಇದ್ದಳು! ಅವಳ ಇಂಗ್ಲಿಷ್ ಅಕ್ಷರಕ್ಕೆ ಏನೂ ಆಗಿರಲಿಲ್ಲ. ಒಂದೊಂದೇ ಪುಟ ತೆರೆದು ನೋಡಿದ. ಅವನ ಅಕ್ಷರ ಒಂದೂ ಉಳಿದಿರಲಿಲ್ಲ, ಅವಳದು ಒಂದೂ ಅಳಿದಿರಲಿಲ್ಲ. ತನ್ನದು ಹೋದರೆ ಹಾಳಾಗಿ ಹೋಗಲಿ ಅನಿಸಿತು.

'ಇದ್ಯಾರು ಸರ್, ನಮ್ಮ ಬದಿಯವ್ರು?' ಗೋವಿಂದನೂ ಅದೇ ಪುಟದಲ್ಲಿದ್ದ. 'ನಮ್ಮನೆ ಮಾತೇ. ಆನು ಇಲ್ಲೆ...'

'ಇಲ್ಲೇ,' ಸತೀಶ ತಿದ್ದಿದ. ಮೇಷ್ಟ್ರ ಚಾಳಿ.

'ಅಲ್ಲ ಸರ್, ಇಲ್ಲೆ. ನಮ್ಮಲ್ಲಿ ಇಲ್ಲೆ ಅಂದ್ರೆ ಇಲ್ಲ. ನಾನಿಲ್ಲ ಅಂತ.'

ಆ ಕಡೆ ಅಂಗಡಿಯಲ್ಲಿ ಯಾರದೋ ಪ್ರಿಂಟು ಹೊರಬರುವ ಸದ್ದು ಕೇಳುತ್ತಿತ್ತು.

'ದೀರ್ಘ ಇದ್ರೆ ನೀವು ಹೇಳಿದ್ದೇ ಆಗ್ತದೆ. ಇಂಗ್ಲಿಷಲ್ಲಿ ಹೀಂಗೆ ಬರೆದ್ರೆ ದೀರ್ಘ ಉಂಟೋ ಇಲ್ವೋ ಹ್ಯಾಂಗೆ ತಿಳೀತದೆ? ಅವ್ರನ್ನೇ ಕೇಳ್ಬೇಕು. ಯಾರು ಸರ್?'

'ಯಾರೋ. ಗೊತ್ತಿಲ್ಲ.'

ಫೋನಿಟ್ಟ. ತರಗತಿಯಲ್ಲಿ ಪದ್ಯ ಬರೆದು ಹ್ರಸ್ವ ಯಾವುದು ದೀರ್ಘ ಯಾವುದು ಎಂದು ಗುರುತು ಹಾಕಿಸಿ, ತಪ್ಪಿದವರನ್ನು ನಿಲ್ಲಿಸುವವನು ತಾನೇ. ಯಾವುದಾಗಿರಬಹುದು? ಇಲ್ಲೇ ಎಂದು ಬಾಯಿಬಿಟ್ಟು ಓದಿದ. ಇಲ್ಲೆ ಎಂದು ಓದಿದ. ಎರಡೂ ಅವಳ ಮಾತಿನ ಹಾಗೇ ಕೇಳಿಸಿತು. ಅವಳ ದನಿಯನ್ನು ಅವನು ಯಾವತ್ತೂ ಕೇಳಿರಲಿಲ್ಲ.

ಪ್ರತಿಭಾ ಬಾಗಿಲಿಗೆ ಬಂದು ನಿಂತಿದ್ದಳು. 'ಬಂತೇನ್ರಿ ಎಲ್ಲಾ?'

'ಬಂತು.'

'ಮತ್ತ ಯಾಕ ಹಿಂಗ ಕುಂತೀರಿ?'

'ಏನಿಲ್ಲ.'

ಅವಳು ಒಳಗೆ ಹೋದಳು, ತಟ್ಟೆ ಇಟ್ಟ ಸದ್ದಾಯಿತು. ಒಂದೇ ತಟ್ಟೆ, ಅವಳದು.

ಅವನು ಜಯಾಳ ಎರಡು ಶಬ್ದದ ಕೆಳಗಿನ ಖಾಲಿ ಚೌಕದಲ್ಲಿ ಕೈಯಿಟ್ಟ. ಇಷ್ಟು ವರ್ಷ ಅವಳಿಗೆ ಉತ್ತರವೆಂದು ಒಂದಕ್ಷರ ಬರೆದವನಲ್ಲ, ಮೇಷ್ಟ್ರ ಬಿಗುಮಾನ. ಈಗ ಬರೆದ. ದೀರ್ಘಗಳು ಸರಿಯಾಗಿ ಕಾಣಲಿ ಎಂದು ಕನ್ನಡದಲ್ಲೇ ಬರೆದ.

ಇದ್ದೀರಾ?

ಕಳಿಸು ಎಂದಿದ್ದಲ್ಲಿ ಒತ್ತಿದ. ಪುಟ ಒಮ್ಮೆ ಬೆಳ್ಳಗಾಗಿ ಮತ್ತೆ ಮೂಡಿತು. ಅವಳ ಮಾತಿನ ಕೆಳಗೆ ಅವನ ಮಾತು ಬಂದು ಕೂತಿತ್ತು.

????????

ಅದರಲ್ಲಿ ಕೊನೆಯದೊಂದು ಮಾತ್ರ ಅವನು ಹಾಕಿದ್ದು.