ಇಲ್ಲೆ ಅಂದರೆ ಎಂತ?

ಆಷಾಢದ ಒಂದು ಮಧ್ಯಾಹ್ನ. ದೋಣಿಗಳೆಲ್ಲ ದಡ ಹತ್ತಿದ್ದವು. ಮಂಕಿಯ ನಮ್ಮ ಮನೆಯ ಜಗಲಿಯಲ್ಲಿ ಮೊಮ್ಮಗಳು ನಿಶಾ ಫೋನಿನ ಸ್ಪೀಕರ್ ಹಾಕಿಕೊಂಡು ಕುಳಿತಿದ್ದಳು. ಕುಮಟೆಯ ಕಾಲೇಜು ಹಾಸ್ಟೆಲಿನಲ್ಲಿ ಅವಳ ಕೋಣೆಗೆ ಜೊತೆಯಾಗಿ ಬರುವವಳು ಅಡಿಕೆ ತೋಟದೂರಿನ ಮೈತ್ರಿ ಹೆಗಡೆ. ಮೀನು ತಿನ್ನದ ಮನೆಯ ಹುಡುಗಿ ತನ್ನ ಜೊತೆ ಇರಲು ಒಲ್ಲೆ ಅಂದರೆ ಎಂಬುದೇ ನಿಶಾಳ ಹೆದರಿಕೆ. ಮೈತ್ರಿ ಫೋನ್ ಎತ್ತಿದ ಕೂಡಲೇ ತನ್ನ ಹೆಸರು ಹೇಳಿದವಳೇ ಕೇಳಿಬಿಟ್ಟಳು.

“ನಮ್ಮದು ದೋಣಿ ಮನೆ. ನಾ ಒಣಸಿಗಡಿ ಚಟ್ನಿ ತರ್ತೆ. ನಿಂಗೆ ವಾಸನೆ ತ್ರಾಸ ಆಗ್ತದಾ?”

“ಇಲ್ಲೆ.”

ನಿಶಾಳ ಮುಖ ಸಣ್ಣದಾಯಿತು. “ಅಜ್ಜಾ, ಅವಳಿಗೆ ಫೋನಲ್ಲೇ ವಾಸನೆ ಬಂತಂತೆ!”

“ಅಯ್ಯೋ ಮಾರಾಯ್ತಿ!” ಮೈತ್ರಿ ಆ ಕಡೆ ಬಿದ್ದು ಬಿದ್ದು ನಕ್ಕಳು. “ನಮ್ಮನೇಲಿ ‘ಇಲ್ಲೆ’ ಅಂದ್ರೆ ‘ಇಲ್ಲ’ ಅಂತ, ‘ಇಲ್ಲಿಯೇ’ ಅಂತಲ್ಲ! ನಂಗೆಂತ ತ್ರಾಸ ಇಲ್ಲ. ಆದ್ರೆ ನಾ ಗೊರಕೆ ಹೊಡೀತೆ, ಅದಕ್ಕೆ ನೀ ಎಂತ ಮಾಡ್ತೆ?”

“ನಮ್ಮಜ್ಜಂದು ಬೋಟಿನ ಇಂಜಿನ್ನೇ. ನಂಗೆ ರೂಢಿ ಉಂಟು.”

ಇಬ್ಬರೂ ನಕ್ಕರು. ಸುಳ್ಳಲ್ಲವಲ್ಲ ಎಂದು ನಾನು ಎಲೆಯಡಿಕೆಯ ಕವಳ ಹಾಕಿಕೊಂಡೆ.

ಚಟ್ನಿಯ ಡಬ್ಬಿಯನ್ನು ಬಟ್ಟೆಗಳ ಅಡಿಯಲ್ಲಿ ಅಡಗಿಸದೆ ಕೈಯಲ್ಲೇ ಹಿಡಿದುಕೊಂಡು, ಬುಧವಾರ ಬೆಳಿಗ್ಗೆ ನಿಶಾ ಕುಮಟೆಯ ಬಸ್ಸು ಹತ್ತಿದಳು.