ಉಣುಗೋಲು ಹಾಕಿ ಹೋದವರು

ನಮ್ಮ ಯಜಮಾನರು ತಿಮ್ಮಪ್ಪನವರು ತೀರಿಕೊಂಡು ಇಪ್ಪತ್ತೆಂಟು ದಿನವಾಗಿತ್ತು. ಪ್ರತಿ ಅಮಾವಾಸ್ಯೆಗೂ ತೋಟ ಕಾಯುವ ದೇವಿ ಚೌಡಿಯ ಕಲ್ಲಿಗೆ ದೀಪ ಹಚ್ಚಿ ಬರುತ್ತಿದ್ದವರು ಅವರು. ಕಲ್ಲು ಇರುವುದು ಪಕ್ಕದ ಎಸ್ಟೇಟಿನೊಳಗೆ. ಅಲ್ಲಿಗೆ ಹೋಗುವ ಕಾಲುದಾರಿ ಅವರ ಅಜ್ಜನ ಕಾಲದ್ದು. ಹೋದ ವರ್ಷ ಎಸ್ಟೇಟು ಕೈ ಬದಲಾಯಿತು, ದೀಪ ನಿಲ್ಲಲಿಲ್ಲ. ಈಗಲೂ ನಿಲ್ಲಬಾರದೆಂದು ನಾನು ಹಟ ಹಿಡಿದೆ. ನನ್ನ ಮಂಡಿಗೆ ಆ ಏರು ಆಗದು. ಬಾಳೂರಿನ ಉಬೈದನ ಜೀಪು ಕರೆಸಿ, ಅಮಾವಾಸ್ಯೆಯ ದಿನ ಅದರಲ್ಲೇ ಕಲ್ಲಿನವರೆಗೆ ಹೋಗಿ ದೀಪ ಹಚ್ಚಿ ಬಂದೆ.

ಮಾರನೆಯ ದಿನ ಪೊಲೀಸರು ಜೀಪನ್ನು ಠಾಣೆಗೆ ಒಯ್ದರು. ಎಸ್ಟೇಟಿನ ಮ್ಯಾನೇಜರ್ ಧರ್ಮೇಶ್ ದೂರು ಕೊಟ್ಟಿದ್ದರು: ವಾಹನದಲ್ಲಿ ಅತಿಕ್ರಮ ಪ್ರವೇಶ, ಗೇಟು ಕಿತ್ತದ್ದು, ದಾರಿ ಅಡ್ಡಗಟ್ಟಿದ್ದು. ಉಬೈದನಿಗೆ ಹೊರನಾಡಿಗೆ ಭಕ್ತರನ್ನು ಕರೆದೊಯ್ಯುವುದೇ ಜೀವನ. ಕೇಸು ದಾಖಲಾದರೆ ಜೀಪು ಬಿಡಿಸಿಕೊಳ್ಳಲು ಅವನು ಕೋರ್ಟು ಅಲೆಯಬೇಕು. ದೇವರಿಗೆ ಕೈಮುಗಿದು ಠಾಣೆಗೆ ಹೊರಟೆ.

ಸಬ್ ಇನ್ಸ್‌ಪೆಕ್ಟರ್ ಸರ್ವಮಂಗಳಾ ಕುರ್ಚಿ ಎಳೆದು ಕೊಟ್ಟರು. "ನೀವ್ಯಾಕೆ ಬರಕ್ಕೆ ಹೋದ್ರಿ ಅಮ್ಮಾ?"

"ಕರ್ಕೊಂಡು ಹೋಗು ಅಂದಿದ್ದು ನಾನು. ಅವನ ಹೆಸರು ಹೊಡೆದು ನನ್ನ ಹೆಸರು ಬರ್ಕೊಳಿ. ತಂಗಮ್ಮ, ಎಪ್ಪತ್ತೊಂದು ವರ್ಷ."

ಬೆಂಚಿನ ಮೇಲಿದ್ದ ಉಬೈದ್ ಬಾಯಿ ಹಾಕಿದ. "ಅಮ್ಮಾವ್ರನ್ನ ಒಳಗೆ ಹಾಕಿದ್ರೆ ಎರಡು ಹೊತ್ತೂ ಪೂಜೆಗೆ ಹೂ ತರೋದು ನಿಮ್ಮ ಕೆಲಸ ಆಗುತ್ತೆ ಮೇಡಂ."

"ನೀನು ಸುಮ್ನಿರು ಮಾರಾಯ. ಶಿಕ್ಷೆ ಎಷ್ಟು ಮೇಡಂ?"

"ಮೂರು ತಿಂಗಳವರೆಗೆ ಜೈಲು, ಇಲ್ಲ ಐದು ಸಾವಿರದವರೆಗೆ ದಂಡ, ಇಲ್ಲ ಎರಡೂ. ಆದ್ರೆ ಒಳಗೆ ಹೋಗಿದ್ದಷ್ಟೇ ಸಾಲದು. ಏನೋ ಅಪರಾಧ ಮಾಡಕ್ಕೆ, ಹೆದರಿಸಕ್ಕೆ, ಅವಮಾನ ಮಾಡಕ್ಕೆ, ಕಿರಿಕಿರಿ ಕೊಡಕ್ಕೆ ಅಂತ ಹೋಗಿರ್ಬೇಕು. ನಾನು ನೋಡೋದು ಉದ್ದೇಶನ."

"ಉದ್ದೇಶ ಇಲ್ದೆ ಗೇಟ್ ಕೀಳ್ತಾರಾ?" ಎಂದು ಮೇಜಿನ ಆಚೆ ಕೂತಿದ್ದ ಧರ್ಮೇಶ್ ಫೋನು ಮುಂದಿಟ್ಟರು. ಅವರು ಬಯಲುಸೀಮೆಯವರು, ಬಂದು ಏಳೆಂಟು ತಿಂಗಳಾಗಿತ್ತು.

ಎಸ್ಟೇಟಿನ ಕ್ಯಾಮೆರಾದಲ್ಲಿ ಎಲ್ಲವೂ ಇತ್ತು. ಎರಡು ಕಂಬಗಳ ನಡುವೆ ಅಡ್ಡ ಹಾಯಿಸಿದ್ದ ಉಣುಗೋಲಿನ ಮೂರು ಬಿದಿರು ಗಳಗಳನ್ನು ಉಬೈದ್ ಒಂದೊಂದಾಗಿ ಸರಿಸಿದ. ಜೀಪು ಒಳಗೆ ಹೋಯಿತು. ಆಮೇಲೆ ನಾನು ಇಳಿದು ಬಂದೆ. ಇಬ್ಬರೂ ಸೇರಿ ಮೂರನ್ನೂ ಮತ್ತೆ ಹಾಕಿದೆವು. ಕೆಳಗಿನದು ಭದ್ರವಾಗಿ ಕೂತಿದೆಯೇ ಎಂದು ನಾನು ಅಲುಗಿಸಿಯೂ ನೋಡಿದ್ದೆ.

ಸರ್ವಮಂಗಳಾ ನಕ್ಕುಬಿಟ್ಟರು. "ಧರ್ಮೇಶ್ ಅವ್ರೆ, ಇದು ಕಿತ್ತಿದ್ದಲ್ಲ. ಉಣುಗೋಲು ಸರಿಸಿದವ್ರು ಮತ್ತೆ ಹಾಕೇ ಹೋಗ್ತಾರೆ ಇಲ್ಲಿ, ದನ ನುಗ್ಗಬಾರ್ದು ಅಂತ. ತೋಟ ಹಾಳು ಮಾಡಕ್ಕೆ ಬಂದವ್ರು ನಿಮ್ಮ ಗಿಡ ಕಾಯ್ತಾರಾ?"

"ಹಿಂದೆ ನಮ್ಮ ಟ್ರ್ಯಾಕ್ಟರ್ ಬರ್ತಿತ್ತು. ಅದು ಬರೋದು ನೋಡಿ ಗಳ ಹಾಕಿ ಬೇಕಂತಲೇ ದಾರಿ ಬಂದ್ ಮಾಡಿದ್ರು ಅಂದ್ಕೊಂಡೆ."

"ಇಳಿದು ಸರಿಸಕ್ಕೆ ಡ್ರೈವರ್‌ಗೆ ಕೈ ಇರ್ಲಿಲ್ವಾ?" ಎಂದ ಉಬೈದ್.

ಅಲ್ಲಿಗೇ ಬಿಟ್ಟು ಎದ್ದು ಬರಬಹುದಿತ್ತು. ಆದರೆ ಟ್ರ್ಯಾಕ್ಟರ್ ದಾರಿ ಬಿಟ್ಟು ಕಾಲುದಾರಿಗೆ ಹೊರಳುವ ತಿರುವಿನಲ್ಲಿ ನಾಲ್ಕು ಎಳೆ ಕಾಫಿ ಗಿಡ ಚಕ್ರದಡಿ ಹೋದದ್ದು ನನಗೆ ಗೊತ್ತಿತ್ತು, ಚೌಡಿಗೂ ಗೊತ್ತಿತ್ತು. ನಮ್ಮ ಯಜಮಾನರು ಆ ದಾರಿಯಲ್ಲಿ ಒಂದು ಸೈಕಲ್ಲನ್ನೂ ಹತ್ತಿಸಿದವರಲ್ಲ.

"ಕಾಲುದಾರೀಲಿ ಗಾಡಿ ಹತ್ತಿಸಿದ್ದು ನನ್ನ ತಪ್ಪು. ನಾಲ್ಕು ಗಿಡ ಹೋಗಿವೆ, ನಾಳೆ ನಮ್ಮ ನರ್ಸರಿಯಿಂದ ಕಳಿಸ್ತೀನಿ. ಇನ್ನು ಮೇಲೆ ನಡ್ಕೊಂಡು ಬರ್ತೀನಿ. ಆದ್ರೆ ಬರ್ತೀನಿ."

ಧರ್ಮೇಶ್ ಮೇಜಿನ ಮೇಲಿದ್ದ ಕಾಗದ ಎಳೆದುಕೊಂಡರು. "ಒಬ್ರು ಅಜ್ಜ ದೀಪ ಹಿಡ್ಕೊಂಡು ಹೋಗ್ತಿದ್ದದ್ದು ನೋಡಿದ್ದೆ. ಯಾರು ಅಂತ ಕೇಳ್ಬೇಕಿತ್ತು," ಎಂದು, ದೂರು ವಾಪಸ್ ಪಡೆದಿದ್ದೇನೆಂದು ಬರೆದುಕೊಟ್ಟರು. ಉಬೈದನ ಕೈಗೆ ಜೀಪಿನ ಕೀಲಿ ಬಂತು.

ಮುಂದಿನ ಅಮಾವಾಸ್ಯೆಗೆ ನಡೆದೇ ಹೋದೆ. ದಾರಿಯಲ್ಲಿ ಐದು ಕಡೆ ಕೂತೆ. ಉಬೈದ್ ಜೀಪನ್ನು ರಸ್ತೆಯಲ್ಲೇ ಬಿಟ್ಟು ಎಣ್ಣೆ ಹಿಡಿದು ಹಿಂದೆ ಬಂದ. ಉಣುಗೋಲಿನ ಹತ್ತಿರ ಧರ್ಮೇಶ್ ಮೂರೂ ಗಳ ಸರಿಸಿ, ದನ ಬಾರದಂತೆ ತಾವೇ ನಿಂತಿದ್ದರು. ನಾವು ದಾಟಿದ ಮೇಲೆ ಒಂದೊಂದಾಗಿ ಹಾಕಿದರು.

"ಕೆಳಗಿಂದು ಸಡ್ಲ ಇದೆ ಮಾರಾಯ," ಎಂದೆ.

ಬಗ್ಗಿ ಸರಿಮಾಡಿದರು. ನಾನು ದೀಪ ಹಚ್ಚಲು ಮುಂದೆ ನಡೆದೆ.